ಮಣ್ಣಿನ ನಾಯಿ, ಬಟ್ಟೆಯ ಬೆಕ್ಕು

ಕೊಡಗಿನ ಅಯ್ಯಪ್ಪ ದೇವರಕಾಡಿಗೆ ಹೋದವರು ಅಲ್ಲಿ ಮರದ ಬುಡದಲ್ಲಿ ಸಾಲಾಗಿ ಇಟ್ಟಿರುವ ಮಣ್ಣಿನ ನಾಯಿಗಳನ್ನು ನೋಡಿರಬಹುದು. ಒಂದಕ್ಕೆ ಕಿವಿ ಮುರಿದಿರುತ್ತದೆ, ಇನ್ನೊಂದಕ್ಕೆ ಬಾಲ ಇರುವುದಿಲ್ಲ. ಹಳೆಯವು ಪಾಚಿ ಕಟ್ಟಿ ಹಸಿರಾಗಿರುತ್ತವೆ. ಹೊಸದಾಗಿ ಬಂದದ್ದು ಹೆಂಚಿನಂತೆ ಕೆಂಪಗೆ ಎದ್ದು ಕಾಣುತ್ತದೆ. ಕುಂಬಾರರು ಮಾಡಿ ಸುಟ್ಟುಕೊಟ್ಟ ಈ ನಾಯಿಗಳು ಹರಕೆಯವು. ಕೊಡಗಿನವರಿಗೆ ಅಯ್ಯಪ್ಪ ಬೇಟೆಯ ದೇವರು, ಕಾಡಿನ ಒಡೆಯ. ಬೇಟೆಗಾರನಿಗೆ ನಾಯಿ ಎಂಥ ಸಂಗಾತಿ ಎಂಬುದನ್ನು ಹಳೆಯ ತಲೆಯ ಯಾರನ್ನು ಕೇಳಿದರೂ ಅರ್ಧ ದಿನ ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. (ನಿಲ್ಲಬೇಕಿತ್ತು ಎಂದರೆ ಹೆಚ್ಚು ಸರಿಯಾದೀತು.) ಕೋವಿ ಕೈಲ್ಪೋದಿನ ಪೂಜೆಗೂ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೂ ಉಳಿಯಿತು. ದೇವರ ಮುಂದಿನ ನಾಯಿ ಮಾತ್ರ ಇದ್ದಲ್ಲೇ ಇದೆ.

ಈ ವಾರ ಹೇಳಹೊರಟಿರುವುದು ಈ ನಾಯಿಗಳ ದೂರದ ನೆಂಟರ ವಿಷಯ. ಅವು ಮಣ್ಣಿನವಲ್ಲ, ನಿಜವಾದ ನಾಯಿಗಳು. ಬಟ್ಟೆಯಲ್ಲಿ ಸುತ್ತಿ, ಸುರಂಗದಲ್ಲಿ ಒಂದರ ಮೇಲೊಂದು ಪೇರಿಸಿಟ್ಟವು.

ಮಮ್ಮಿ ಎಂದರೆ ಮಕ್ಕಳಿಗೆ ಈಗ ಸಿನಿಮಾದ ಭೂತ ನೆನಪಾಗುತ್ತದೆ, ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅಮ್ಮ ನೆನಪಾಗುತ್ತಾಳೆ. ಪದದ ಮೂಲ ಪಾರಸಿ ಭಾಷೆಯ ಕಡೆಯದು. ಅಲ್ಲಿ ‘ಮೂಮ್’ ಎಂದರೆ ಮೇಣ, ‘ಮೂಮಿಯಾ’ ಎಂದರೆ ಕಪ್ಪು ಡಾಂಬರಿನಂಥ ಅಂಟು. ಶವಕ್ಕೆ ಹಚ್ಚಿದ್ದ ಕಪ್ಪು ರಾಳವನ್ನು ಕಂಡು ಜನ ಅದೇ ಹೆಸರಿಟ್ಟರು. ರಾಜರ ಮಮ್ಮಿಗಳು ಎಲ್ಲರಿಗೂ ಗೊತ್ತು. ಆದರೆ ಈಜಿಪ್ಟಿನಲ್ಲಿ ಸಿಕ್ಕ ಮಮ್ಮಿಗಳಲ್ಲಿ ಮನುಷ್ಯರಿಗಿಂತ ಪ್ರಾಣಿಗಳ ಲೆಕ್ಕವೇ ದೊಡ್ಡದು. ಬೆಕ್ಕು, ನಾಯಿ, ಡೇಗೆ, ಮೊಸಳೆ, ಮೂಗಿಲಿ, ಹಾವು, ಮೀನು, ಕೋತಿ, ಕೊನೆಗೆ ಸಗಣಿಹುಳು ಕೂಡ. ಕೆಲವು ಮನೆಯವರು ಪ್ರೀತಿಯಿಂದ ಸಾಕಿದವು. ಕೆಲವು ಸತ್ತ ಯಜಮಾನನ ಪರಲೋಕದ ಊಟಕ್ಕೆಂದು ಇಟ್ಟ ಮಾಂಸ. ಕೆಲವು ಸಾಕ್ಷಾತ್ ದೇವರೆಂದೇ ಪೂಜೆಗೊಂಡವು. 1851ರಲ್ಲಿ ಮಾರಿಯೆಟ್ ಎಂಬ ಫ್ರೆಂಚ್ ಸಂಶೋಧಕ ಸಕಾರಾದಲ್ಲಿ ಏಪಿಸ್ ಗೂಳಿಗಳ ನೆಲಮಾಳಿಗೆಯನ್ನು ಕಂಡುಹಿಡಿದಾಗ ಒಂದೊಂದು ಗೂಳಿಗೂ ಮನೆಯಷ್ಟು ದೊಡ್ಡ ಕಲ್ಲಿನ ಪೆಟ್ಟಿಗೆ ಇತ್ತು. ಇವೆಲ್ಲ ಸೇರಿ ಒಂದು ಹಿಡಿಯಾದರೆ, ಹರಕೆಯ ಮಮ್ಮಿಗಳು ಒಂದು ಗಾಡಿ.

ಎಷ್ಟು ಎಂದು ಕೇಳಿ. ಕೈರೋ ಹತ್ತಿರದ ಸಕಾರಾದಲ್ಲಿ ಅನುಬಿಸ್ ಎಂಬ ದೇವರಿಗೆ ಸೇರಿದ ನಾಯಿಗಳ ಸುರಂಗ ಒಂದಿದೆ. ಅದರ ನಕ್ಷೆ 1897ರಲ್ಲೇ ಅಚ್ಚಾಗಿತ್ತು. ಆದರೆ ಒಳಗೆ ಏನಿದೆಯೆಂದು ಯಾರೂ ಸರಿಯಾಗಿ ಎಣಿಸಿರಲಿಲ್ಲ. ಇತ್ತೀಚೆಗೆ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಪಾಲ್ ನಿಕಲ್ಸನ್ ಮತ್ತು ಅವರ ತಂಡದವರು ಅಳತೆ ಮಾಡಿ ನೋಡಿದರು. ಅವರ ಅಂದಾಜು ಸುಮಾರು 80 ಲಕ್ಷ ಪ್ರಾಣಿಗಳು. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ; ಅದರ ಹದಿನಾಲ್ಕು ಪಟ್ಟು ನಾಯಿಗಳು ಒಂದೇ ಸುರಂಗದಲ್ಲಿ. ಈ ಕೆಲಸ ಸುಮಾರು ಏಳುನೂರು ವರ್ಷ ನಡೆಯಿತೆಂದು ಇಟ್ಟುಕೊಂಡು ಭಾಗಿಸಿ ನೋಡಿ. ದಿನಕ್ಕೆ ಮೂವತ್ತೊಂದು ನಾಯಿ ಬರುತ್ತದೆ. ಅವುಗಳಲ್ಲಿ ಹೆಚ್ಚಿನವು ಹುಟ್ಟಿ ಕೆಲವು ಗಂಟೆ ಅಥವಾ ಕೆಲವು ದಿನಗಳಷ್ಟೇ ಆದ ಮರಿಗಳು.

ಅನುಬಿಸ್ ದೇವರ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೋಡಿದ್ದೀರಿ. ಮನುಷ್ಯನ ಮೈ, ನರಿಯ ತಲೆ. ಇದನ್ನು ತರಗತಿಯಲ್ಲಿ ಹೇಳುವಾಗ ಎಚ್ಚರ ಬೇಕು, ಏಕೆಂದರೆ ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ! ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ಮಾಡುತ್ತಿದ್ದ ಸಂಭ್ರಮಕ್ಕೆ ‘ನರಿ ಮಂಗಲ’ ಎಂದೇ ಹೆಸರು. ಅನುಬಿಸನದು ಕನ್ನಡದ ನರಿ, ಕೊಡವ ನರಿಯಲ್ಲ.

ಈ ಹರಕೆಯ ಪದ್ಧತಿ ಪಿರಮಿಡ್ಡುಗಳ ಕಾಲದ್ದೆಂದು ತಿಳಿಯಬೇಡಿ. ಗೀಜಾದ ದೊಡ್ಡ ಪಿರಮಿಡ್ಡು ಕ್ರಿ.ಪೂ. 2500ರ ಆಸುಪಾಸಿನದು. ಪ್ರಾಣಿಗಳನ್ನು ಲಕ್ಷಗಟ್ಟಲೆ ಸುತ್ತಿ ಒಪ್ಪಿಸುವುದು ಜೋರಾದದ್ದು ಕ್ರಿ.ಪೂ. ಏಳನೆಯ ಶತಮಾನದ ಈಚೆಗೆ. ರೋಮನರ ಆಳ್ವಿಕೆ ಬಂದ ಮೇಲೂ ಅದು ನಡೆಯಿತು. ಜಾತ್ರೆಗೆ ಬಂದ ಯಾತ್ರಿಕ ದೇವಸ್ಥಾನದವರಿಗೆ ಹಣ ಕೊಟ್ಟು ತನ್ನ ಹೆಸರಿನಲ್ಲಿ ಒಂದು ಮಮ್ಮಿಯನ್ನು ಒಪ್ಪಿಸುತ್ತಿದ್ದ. ಬುಬಾಸ್ಟಿಸ್ ಎಂಬ ಊರಿನ ಬಾಸ್ಟೆಟ್ ದೇವಿಗೆ ಬೆಕ್ಕು, ಥಾಥ್ ಎಂಬ ವಿದ್ಯೆಯ ದೇವರಿಗೆ ಐಬಿಸ್ ಹಕ್ಕಿ, ಹೋರಸನಿಗೆ ಡೇಗೆ. ಕಾಯಿಲೆ ವಾಸಿಯಾಗಲಿ, ಮಗು ಹುಟ್ಟಲಿ, ವ್ಯಾಜ್ಯ ಗೆಲ್ಲಲಿ ಎಂದು ಬೇಡಿಕೆ. ಹರಕೆ ಎಂಬುದನ್ನು ನಮ್ಮೂರಿನ ಓದುಗರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಇಲ್ಲೊಂದು ತೊಡಕಿದೆ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಈಜಿಪ್ಟನ್ನು ಸುತ್ತಿದ ಗ್ರೀಕ್ ಬರಹಗಾರ ಹೆರೊಡೋಟಸ್, ಅಲ್ಲಿ ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಾರೆಂದೂ, ನಾಯಿ ಸತ್ತರೆ ತಲೆ ಮೈ ಎಲ್ಲವನ್ನೂ ಬೋಳಿಸಿಕೊಳ್ಳುತ್ತಾರೆಂದೂ ಬರೆದಿದ್ದಾನೆ. ಐಬಿಸ್ ಹಕ್ಕಿಯನ್ನು ಕೈತಪ್ಪಿ ಕೊಂದರೂ ಮರಣದಂಡನೆ. ನಾಲ್ಕು ಶತಮಾನಗಳ ನಂತರ ಹೋದ ಡಿಯೋಡೋರಸ್, ಒಬ್ಬ ರೋಮನ್ ಪ್ರಜೆ ಅರಿಯದೆ ಬೆಕ್ಕು ಕೊಂದದ್ದಕ್ಕೆ ಜನ ಗುಂಪುಗೂಡಿ ಅವನನ್ನು ಮುಗಿಸಿದ್ದನ್ನು ತಾನೇ ಕಂಡೆನೆನ್ನುತ್ತಾನೆ. ಹೀಗಿದ್ದ ನಾಡಿನಲ್ಲಿ ಹರಕೆಗೆ ಇಷ್ಟೊಂದು ಸತ್ತ ಬೆಕ್ಕು ಎಲ್ಲಿಂದ ಬಂದವು? ತಾವಾಗಿ ಸತ್ತವನ್ನು ಹೆಕ್ಕಿ ತಂದರೇ?

ಉತ್ತರ ಕ್ಷ-ಕಿರಣದಿಂದ ಬಂತು. ಬ್ರಿಟಿಷ್ ಮ್ಯೂಸಿಯಂನ ಬೆಕ್ಕಿನ ಮಮ್ಮಿಗಳ ಮೇಲೆ ಕ್ಷ-ಕಿರಣ ಹಾಯಿಸಿ ಇಬ್ಬರು ಪ್ರಾಣಿಶಾಸ್ತ್ರಜ್ಞರು 1981ರಲ್ಲಿ ವರದಿ ಪ್ರಕಟಿಸಿದರು. ಮೂಳೆಯ ತುದಿಗಳು ಕೂಡಿಕೊಂಡಿವೆಯೇ, ಹಾಲುಹಲ್ಲು ಬಿದ್ದಿದೆಯೇ ಎಂಬುದರಿಂದ ಪ್ರಾಣಿಯ ವಯಸ್ಸು ತಿಳಿಯುತ್ತದೆ. ಬಹಳಷ್ಟು ಬೆಕ್ಕುಗಳು ಒಂದರಿಂದ ನಾಲ್ಕು ತಿಂಗಳು, ಇಲ್ಲವೇ ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸಿನವು. ಮುದಿಯಾಗಿ ಸತ್ತವು ವಿರಳ. ಹಲವಕ್ಕೆ ಕುತ್ತಿಗೆಯ ಮೂಳೆ ಮುರಿದಿತ್ತು. ಬೀದಿಯಲ್ಲಿ ಬೆಕ್ಕು ಕೊಂದವನಿಗೆ ಸಾವು. ಗುಡಿಯ ಹಿಂದೆ ಅದಕ್ಕೆಂದೇ ಬೆಕ್ಕು ಸಾಕುವ ಅಂಗಳ. ಎರಡನ್ನೂ ಅದೇ ಜನ ಒಪ್ಪಿಕೊಂಡಿದ್ದರು. ಕೊಂದದ್ದಲ್ಲ, ದೇವರ ಬಳಿಗೆ ಕಳಿಸಿದ್ದು ಎಂಬ ಮಾತು ಅವರಿಗೆ ಸಾಕಾಗಿತ್ತೆಂದು ತೋರುತ್ತದೆ. ನನಗೆ ಸಾಕಾಗುವುದಿಲ್ಲ, ಆದರೆ ಎರಡು ಸಾವಿರ ವರ್ಷಕ್ಕೂ ಹಿಂದಿನವರು ನನ್ನನ್ನು ಕೇಳಲಿಲ್ಲ.

ಕ್ಷ-ಕಿರಣದ ಚಿತ್ರ ನೆರಳಿನಂತೆ. ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತದೆ. ಸಿ.ಟಿ. ಸ್ಕ್ಯಾನ್ ಹಾಗಲ್ಲ. ಯಂತ್ರ ಸುತ್ತಲೂ ತಿರುಗಿ ನೂರಾರು ಕೋನಗಳಿಂದ ಕಿರಣ ಹಾಯಿಸುತ್ತದೆ, ಗಣಕಯಂತ್ರ ಅದನ್ನೆಲ್ಲ ಕೂಡಿಸಿ ಬ್ರೆಡ್ಡನ್ನು ಕೊಯ್ದ ಹಾಗೆ ಪದರ ಪದರವಾಗಿ ತೋರಿಸುತ್ತದೆ. ಹಿಂದೆ ಇಂಥ ಸ್ಕ್ಯಾನಿಂಗಿಗೆಂದು ನಾವು ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಓಡುತ್ತಿದ್ದೆವು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಾಣಿಗಳ ಮಮ್ಮಿಗಳನ್ನು ಮಕ್ಕಳ ಆಸ್ಪತ್ರೆಗೇ ಒಯ್ದು ಸ್ಕ್ಯಾನ್ ಮಾಡಿಸಿದರು. ಬಟ್ಟೆ ಬಿಚ್ಚಬೇಕಿಲ್ಲ, ಒಂದು ದಾರವೂ ಸಡಿಲಬೇಕಿಲ್ಲ. 800ಕ್ಕೂ ಹೆಚ್ಚು ಮಮ್ಮಿಗಳನ್ನು ನೋಡಿದ ಆ ತಂಡದವರು 2015ರಲ್ಲಿ ಹೇಳಿದ್ದು ಇಷ್ಟು: ಮೂರರಲ್ಲಿ ಒಂದು ಪಾಲಿನಲ್ಲಿ ಇಡೀ ಪ್ರಾಣಿ ಇದೆ. ಇನ್ನೊಂದು ಪಾಲಿನಲ್ಲಿ ಬರೀ ಒಂದೆರಡು ಮೂಳೆ, ತುಂಡು. ಉಳಿದ ಮೂರನೆಯ ಪಾಲಿನಲ್ಲಿ ಪ್ರಾಣಿಯೇ ಇಲ್ಲ! ಕೆಸರು, ಕಡ್ಡಿ, ಜೊಂಡು, ಮೊಟ್ಟೆಯ ಚಿಪ್ಪು, ಗರಿ. ಹೊರಗಿನಿಂದ ನೋಡಿದರೆ ಕಿವಿ ನಿಮಿರಿಸಿ ಕುಳಿತ ಅಚ್ಚುಕಟ್ಟಾದ ಬೆಕ್ಕು.

ಇದನ್ನು ಎಂಟನೆಯ ತರಗತಿಗೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ದುಡ್ಡು ತೆಗೆದುಕೊಂಡು ಒಳಗೆ ಬೆಕ್ಕೇ ಇಡದಿದ್ದರೆ ಅದು ಮೋಸ ಅಲ್ವಾ ಸರ್?”

ಒಳ್ಳೆಯ ಪ್ರಶ್ನೆ. ಮೊದಲು ಹೌದು ಎನ್ನುವವರ ವಾದ ನೋಡೋಣ. ಸಕಾರಾದ ಐಬಿಸ್ ಗುಡಿಗಳಲ್ಲಿ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಹೋರ್ ಎಂಬ ಒಬ್ಬ ಅಧಿಕಾರಿ ಇದ್ದ. ಮಡಕೆಯ ಚೂರುಗಳ ಮೇಲೆ ಅವನು ಬರೆದಿಟ್ಟ ಟಿಪ್ಪಣಿಗಳು ಸಿಕ್ಕಿವೆ. (ಕಾಗದದ ಬದಲು ಒಡೆದ ಮಡಕೆ, ನಮ್ಮ ಕಚೇರಿಗಳಿಗೆ ಈ ಮಿತವ್ಯಯ ಬಂದಿಲ್ಲ.) ಅಲ್ಲಿ 60,000 ಐಬಿಸ್ ಹಕ್ಕಿಗಳಿಗೆ ಮೇವು ಹಾಕುವ ಮಾತು ಬರುತ್ತದೆ. ಹಕ್ಕಿಗಳ ಶವಸಂಸ್ಕಾರದಲ್ಲಿ ಅವ್ಯವಹಾರ ನಡೆದು, ವಿಚಾರಣೆಯಾಗಿ, ಇನ್ನು ಮುಂದೆ ಒಂದು ಮಡಕೆಗೆ ಒಂದು ಹಕ್ಕಿ ಇರಲೇಬೇಕೆಂದು ಕಟ್ಟಳೆ ಮಾಡಿದ ಸಂಗತಿಯೂ ಇದೆ. ಅಂದರೆ ಖಾಲಿ ಮಡಕೆಯನ್ನು ಆ ಕಾಲದವರೇ ತಪ್ಪೆಂದು ಕಂಡ ಉದಾಹರಣೆ ಉಂಟು.

ಆದರೆ ಮ್ಯಾಂಚೆಸ್ಟರಿನ ತಂಡದವರು ಎಲ್ಲವನ್ನೂ ಮೋಸದ ಲೆಕ್ಕಕ್ಕೆ ಹಾಕುವುದಿಲ್ಲ. ಆ ಜೊಂಡು, ಗರಿ, ಚಿಪ್ಪು ಇವೆಲ್ಲ ದೇವರ ಪ್ರಾಣಿಗಳು ಇದ್ದ ಜಾಗದವೇ. ಅವುಗಳ ಗೂಡಿನದು, ಅವು ತುಳಿದ ಮಣ್ಣು. ಅದೂ ಪವಿತ್ರ, ಅದನ್ನು ಕಸದಲ್ಲಿ ಎಸೆಯಲಾಗದು ಎಂಬ ಭಾವನೆಯಿಂದ ಸುತ್ತಿರಬಹುದು ಎಂಬುದು ಅವರ ವಾದ. ಖಾಲಿ ಗಂಟಿಗೂ ತುಂಬಿದ ಗಂಟಿಗೂ ಬಟ್ಟೆಯ ನೇಯ್ಗೆಯಲ್ಲಿ, ಸುತ್ತಿದ ಅಂದದಲ್ಲಿ ಕೊರತೆ ಮಾಡಿಲ್ಲ. ಮೋಸ ಮಾಡುವವನು ಅಷ್ಟು ಕಷ್ಟಪಡುತ್ತಾನೆಯೇ?

ನಾನು ಆ ಹುಡುಗಿಗೆ ಕೇಳಿದ್ದು ಇನ್ನೊಂದು ಪ್ರಶ್ನೆ. ಅಯ್ಯಪ್ಪನ ಕಾಡಿನ ಮಣ್ಣಿನ ನಾಯಿಯ ಒಳಗೆ ನಾಯಿ ಇದೆಯೇ? ಇಲ್ಲ. ಅದು ಮೋಸವೇ? ಅಲ್ಲ. ಏಕೆಂದರೆ ಅದನ್ನು ಕೊಟ್ಟವನಿಗೂ ಗೊತ್ತು, ಮಾಡಿದವನಿಗೂ ಗೊತ್ತು. ಈಜಿಪ್ಟಿನ ಯಾತ್ರಿಕನಿಗೆ ತನ್ನ ಗಂಟಿನಲ್ಲಿ ಏನಿದೆಯೆಂದು ಗೊತ್ತಿತ್ತೇ? ಪ್ರಶ್ನೆ ಅಲ್ಲಿ ಬಂದು ನಿಲ್ಲುತ್ತದೆ, ಮತ್ತು ಅದನ್ನು ಯಾವ ಸ್ಕ್ಯಾನ್ ಯಂತ್ರವೂ ಹೇಳಲಾರದು. ಹುಡುಗಿ “ಹಾಗಾದರೆ ಅಂಗಡಿಯವನನ್ನು ಕೇಳಿ ತೆಗೆದುಕೊಳ್ಳಬೇಕಿತ್ತು” ಎಂದು ಕುಳಿತಳು. ಗ್ರಾಹಕರ ಹಕ್ಕಿನ ಪಾಠವನ್ನು ಸಮಾಜದ ಮೇಷ್ಟ್ರು ಚೆನ್ನಾಗಿ ಮಾಡಿದ್ದಾರೆಂದು ಗೊತ್ತಾಯಿತು.

ನಮ್ಮಲ್ಲಿ ಜೀವವಿರುವುದರ ಬದಲು ಜೀವವಿಲ್ಲದ್ದನ್ನು ಕೊಡುವ ದಾರಿ ಬಹಳ ಹಳೆಯದು. ಬೆಳ್ತಂಗಡಿ ತಾಲ್ಲೂಕಿನ ಸುರ್ಯ ಸದಾಶಿವ ರುದ್ರ ದೇವಸ್ಥಾನಕ್ಕೆ ಹೋಗಿ ನೋಡಿ. ಅಲ್ಲಿ ಹರಕೆಯೆಲ್ಲ ಮಣ್ಣಿನದು. ಮಗು ಬೇಕಾದವರು ಮಣ್ಣಿನ ತೊಟ್ಟಿಲು, ಮನೆ ಬೇಕಾದವರು ಮಣ್ಣಿನ ಮನೆ, ಕೈಕಾಲು ನೋವಿನವರು ಮಣ್ಣಿನ ಕೈಕಾಲು, ಹಸುವಿಗೆ ರೋಗ ಬಂದರೆ ಮಣ್ಣಿನ ಹಸು. ಒಪ್ಪಿಸಿದ ಮೇಲೆ ಅವೆಲ್ಲ ಹರಕೆ ಬನದಲ್ಲಿ ಮರಗಳ ಕೆಳಗೆ ಉಳಿಯುತ್ತವೆ. ಬೂದುಗುಂಬಳಕಾಯಿ ಒಡೆಯುವುದೂ ಇದೇ ದಾರಿಯದು. ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಲ್ಲಿ ಬಂತು. ಕುಂಬಾರರು ಅದಕ್ಕೆ ಎಷ್ಟೋ ಮೊದಲೇ ತಮ್ಮ ಪಾಲಿನ ಕೆಲಸ ಮಾಡಿದ್ದರು.

ಆದರೆ ಬದಲಿ ಕೊಟ್ಟರೆ ಎಲ್ಲ ಮುಗಿಯಿತೆಂದು ಒಪ್ಪದವನೊಬ್ಬ ನಮ್ಮ ಕನ್ನಡದಲ್ಲೇ ಇದ್ದಾನೆ. ಜನ್ನ ಕವಿ. ಕನ್ನಡ ಪಂಡಿತರು ತರಗತಿಯಲ್ಲಿ ಹೇಳಿರುತ್ತಾರೆ. ಸುಮಾರು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ, ತಾಯಿಯ ಒತ್ತಾಯಕ್ಕೆ ಮಣಿದು, ನಿಜವಾದ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಕೊಲ್ಲುವ ಮನಸ್ಸು ಮಾಡಿದ್ದೇ ಹಿಂಸೆ ಎಂಬುದು ಜೈನ ಕವಿಯ ತೀರ್ಪು. ಆ ತಪ್ಪಿಗೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮ ಅಲೆಯುತ್ತಾರೆ. ಮೊದಲ ಸಲ ಮಗ ನವಿಲು, ತಾಯಿ ನಾಯಿ. ಜನ್ನನ ಲೆಕ್ಕದಲ್ಲಿ ಒಳಗೆ ಏನಿದೆ ಎಂಬುದಲ್ಲ, ಕತ್ತಿ ಎತ್ತಿದವನ ಮನಸ್ಸಿನಲ್ಲಿ ಏನಿತ್ತು ಎಂಬುದೇ ಮುಖ್ಯ. ಅವನು ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ನಿಂತಿದ್ದರೆ ಖಾಲಿ ಗಂಟುಗಳನ್ನೂ ತುಂಬಿದ ಗಂಟುಗಳನ್ನೂ ಒಂದೇ ರಾಶಿಗೆ ಹಾಕುತ್ತಿದ್ದ. ಅಯ್ಯಪ್ಪನ ನಾಯಿಯನ್ನು ಮಾತ್ರ ಬಿಡುತ್ತಿದ್ದನೇನೋ. ಅದನ್ನು ಯಾರೂ ಕಡಿಯುವುದಿಲ್ಲ. ಕಾವಲಿಗೆ ನಿಲ್ಲಿಸಿದ ಹಾಗೆ ನಿಲ್ಲಿಸಿ ಬರುತ್ತಾರೆ.

ಇದನ್ನೆಲ್ಲ ಶಾಲೆಯಲ್ಲಿ ಮಾತಾಡುವುದು ಎಲ್ಲರಿಗೂ ಹಿಡಿಸುವುದಿಲ್ಲ. ಪಾಲಕರೊಬ್ಬರು ನನ್ನನ್ನು ಸಂತೆಯಲ್ಲಿ ನಿಲ್ಲಿಸಿ, “ಮೇಷ್ಟ್ರೇ, ದೇವರ ವಿಷಯ ಹಿರಿಯರು ನೋಡಿಕೊಳ್ತಾರೆ. ನೀವು ಉಪ್ಪು, ಆಮ್ಲ, ಪ್ರತ್ಯಾಮ್ಲ ಹೇಳಿಕೊಟ್ಟರೆ ಸಾಕು” ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಮಗು ಮನೆಗೆ ಬಂದು ಅಜ್ಜಿಯ ಹರಕೆಯನ್ನು ಗೇಲಿ ಮಾಡೀತೆಂಬ ಭಯ ಅದು, ಮತ್ತು ಹಾಗೆ ಗೇಲಿ ಮಾಡುವುದನ್ನು ವಿಜ್ಞಾನವೆಂದು ತಿಳಿದ ಹುಡುಗರನ್ನು ನಾನೂ ಕಂಡಿದ್ದೇನೆ. ಆದರೆ ಈ ಕಥೆಯಲ್ಲಿ ಉಪ್ಪನ್ನೂ ದೇವರನ್ನೂ ಬೇರೆ ಮಾಡುವುದು ಹೇಗೆ? ಇದು ನಡೆದದ್ದೇ ಒಂದು ಉಪ್ಪಿನಿಂದ.

ಆ ಉಪ್ಪಿನ ಹೆಸರು ನೇಟ್ರಾನ್. ಕೈರೋದ ವಾಯವ್ಯಕ್ಕೆ ವಾದಿ ನಟ್ರೂನ್ ಎಂಬ ತಗ್ಗಿನ ಕೆರೆಗಳು ಬೇಸಿಗೆಯಲ್ಲಿ ಒಣಗಿದಾಗ ದಡದಲ್ಲಿ ಬಿಳಿಯ ಹಕ್ಕಳೆಯಾಗಿ ಕೂರುತ್ತದೆ. ಅದರಲ್ಲಿ ಸೋಡಿಯಂ ಕಾರ್ಬೊನೇಟ್ ಅಂದರೆ ವಾಷಿಂಗ್ ಸೋಡಾ, ಸೋಡಿಯಂ ಬೈಕಾರ್ಬೊನೇಟ್ ಅಂದರೆ ಅಡುಗೆ ಸೋಡಾ, ಜೊತೆಗೆ ಸ್ವಲ್ಪ ಅಡುಗೆ ಉಪ್ಪು ಮತ್ತು ಸೋಡಿಯಂ ಸಲ್ಫೇಟ್ ಇವೆ. ಬಯಲುಸೀಮೆಯವರು ಚೌಳು ನೆಲ ಎನ್ನುತ್ತಾರಲ್ಲ, ಅದರ ಹತ್ತಿರದ ಸಂಬಂಧಿ. ಸೋಡಿಯಂ ಎಂದು ಬರೆಯುವಾಗ ‘ಎಸ್’ ಬಿಟ್ಟು ‘ಎನ್‌ಎ’ ಎಂದು ಏಕೆ ಬರೆಯಬೇಕೆಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಅದು ‘ನೇಟ್ರಿಯಂ’, ನೇಟ್ರಾನಿನಿಂದ ಹುಟ್ಟಿದ ಹೆಸರು. ನಿಮ್ಮ ರಸಾಯನಶಾಸ್ತ್ರದ ಪುಸ್ತಕದ ಮೂಲೆಯಲ್ಲಿ ಮಮ್ಮಿ ಕುಳಿತಿದೆ!

ನೇಟ್ರಾನ್ ಮಾಡುವುದು ಎರಡು ಕೆಲಸ. ಮಾಂಸದ ನೀರನ್ನು ಹೀರುತ್ತದೆ. ನೀರಿಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳು ಬದುಕುವುದಿಲ್ಲ. ಮತ್ತು ಅದು ಪ್ರತ್ಯಾಮ್ಲ, ಕೊಬ್ಬನ್ನು ಸಾಬೂನಿನಂತೆ ಮಾಡಿ ಬಿಡಿಸುತ್ತದೆ. ನಮ್ಮ ಅಡುಗೆಮನೆಯಲ್ಲಿ ಒಲೆಯ ಮೇಲೆ ಹೊಗೆಗೆ ತೂಗುಹಾಕಿದ ಮಾಂಸವೂ, ಮಂಗಳೂರಿನಿಂದ ಬರುವ ಒಣಮೀನೂ ಅದೇ ತತ್ವದವು. ಹರಕೆಯ ಮಮ್ಮಿಗಳೆಂದರೆ ಅಗ್ಗದ ಕೆಲಸ, ಒಣಗಿಸಿ ಸುತ್ತಿಬಿಡುತ್ತಿದ್ದರು ಎಂದು ಬಹಳ ಕಾಲ ನಂಬಿದ್ದರು. 2004ರಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿಗಳು ಕೆಲವು ಮಮ್ಮಿಗಳ ಲೇಪವನ್ನು ಪರೀಕ್ಷಿಸಿದಾಗ ಕೊಬ್ಬು, ಎಣ್ಣೆ, ಜೇನುಮೇಣ, ಮರದ ರಾಳ, ಡಾಂಬರು ಎಲ್ಲ ಸಿಕ್ಕವು. ಮನುಷ್ಯರ ಮಮ್ಮಿಗೆ ಬಳಸಿದಷ್ಟೇ ನಾಜೂಕಿನ ಮಿಶ್ರಣ.

ಇದು ನಮ್ಮಲ್ಲಿ ನಡೆಯುತ್ತಿತ್ತೇ? ಕೈರೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 25 ಮಿಲಿಮೀಟರ್. ಮಡಿಕೇರಿಯಲ್ಲಿ 3,000 ದಾಟುತ್ತದೆ. ಅವರ ಒಂದು ವರ್ಷದ ಮಳೆ ನಮ್ಮಲ್ಲಿ ಆಟಿಯ ಒಂದು ಮಧ್ಯಾಹ್ನಕ್ಕೆ ಬಂದು ಹೋಗುತ್ತದೆ. ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಮಮ್ಮಿ ಮಾಡುವುದೆಂತು! ಮಣ್ಣು ಆಮ್ಲೀಯವಾದ್ದರಿಂದ ಮೂಳೆಯೂ ಬೇಗ ಕರಗುತ್ತದೆ. ಜನ ಪಾಂಡವರ ಹೆಸರಿನಿಂದ ಕರೆಯುವ ಕೊಡಗಿನ ಪುರಾತನ ಶಿಲಾಗೋರಿಗಳನ್ನು ಅಗೆದಾಗಲೂ ಗಟ್ಟಿಯಾಗಿ ಉಳಿದು ಸಿಕ್ಕಿದ್ದು ಮಡಕೆಗಳೇ. ಸುಟ್ಟ ಮಣ್ಣಿಗೆ ನೀರಿನ ಭಯವಿಲ್ಲ. ಹಸಿ ಜೇಡಿಯಲ್ಲಿ ಕೈಗೆ ತಗಲುವ ನೀರಲ್ಲದೆ, ಕಣಕಣದ ರಚನೆಯೊಳಗೆ ಸೇರಿಕೊಂಡ ನೀರೂ ಇರುತ್ತದೆ. ಆವಿಗೆಯ ಶಾಖ 500–600 ಡಿಗ್ರಿ ದಾಟಿದಾಗ ಅದೂ ಹೊರಟುಹೋಗುತ್ತದೆ, ಆಮೇಲೆ ಎಷ್ಟು ನೆನೆಸಿದರೂ ಮಣ್ಣು ಮತ್ತೆ ಕೆಸರಾಗುವುದಿಲ್ಲ. ಈಜಿಪ್ಟಿನವನು ಮಾಂಸದ ನೀರು ತೆಗೆದ, ನಮ್ಮ ಕುಂಬಾರ ಮಣ್ಣಿನ ನೀರು ತೆಗೆದ.

ಪ್ರಾಣಿಯನ್ನು ಉಳಿಸಿಡುವ ಇನ್ನೊಂದು ವಿದ್ಯೆ ನಮ್ಮ ಹತ್ತಿರದಲ್ಲೇ ಇತ್ತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರು ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರವರೆಗೆ ಹುಲಿ, ಚಿರತೆಗಳನ್ನು ತುಂಬಿ ನಿಲ್ಲಿಸಿಕೊಡುತ್ತಿದ್ದರು. ನಲವತ್ತು ಸಾವಿರಕ್ಕೂ ಹೆಚ್ಚು ಎಂಬುದು ಲೆಕ್ಕ. ಕೊಡಗಿನ ಹಳೆಯ ಮನೆಗಳ ಗೋಡೆಯಿಂದ ಇಣುಕುವ ಕಾಟಿಯ ತಲೆಗಳನ್ನು ನೆನೆಸಿಕೊಳ್ಳಿ. ಅದು ಮಮ್ಮಿಯಲ್ಲ. ಹೊರಗೆ ಚರ್ಮ ಮಾತ್ರ ನಿಜ, ಒಳಗೆ ಕಾಗದದ ಮುದ್ದೆಯ ಅಚ್ಚು, ಕಣ್ಣು ಗಾಜಿನದು. ಅದನ್ನು ಅರ್ಪಿಸಿಕೊಂಡ ದೇವರು ಯಾರೆಂದು ನಾನು ಹೇಳುವುದಿಲ್ಲ, ಸಾಮಾನ್ಯವಾಗಿ ಪಕ್ಕದಲ್ಲೇ ಅವರ ಫೋಟೋ ಇರುತ್ತದೆ.

ಇನ್ನು ಐಬಿಸ್ ಹಕ್ಕಿ. ಇದರ ತೀರಾ ಹತ್ತಿರದ ಸಂಬಂಧಿಯನ್ನು ನೋಡಲು ಈಜಿಪ್ಟಿಗೆ ಹೋಗಬೇಕಿಲ್ಲ. ನಮ್ಮ ಕಾವೇರಿ ಹರಿದುಹೋಗಿ ಶ್ರೀರಂಗಪಟ್ಟಣದ ಬಳಿ ಮಾಡಿರುವ ರಂಗನತಿಟ್ಟಿನಲ್ಲಿ ಬಿಳಿ ಕೆಂಬರಲು ಗೂಡು ಕಟ್ಟುತ್ತದೆ: ಬಿಳಿ ಮೈ, ಕಪ್ಪು ಬೋಳು ತಲೆ, ಕುಡುಗೋಲಿನಂಥ ಕೊಕ್ಕು. ಈಜಿಪ್ಟಿನದೂ ಹೆಚ್ಚುಕಡಿಮೆ ಹೀಗೆಯೇ. ಸಕಾರಾದಲ್ಲಿ ಸುಮಾರು ಹದಿನೇಳೂವರೆ ಲಕ್ಷ, ತೂನಾ ಎಲ್ ಗೆಬೆಲ್ ಎಂಬಲ್ಲಿ 40 ಲಕ್ಷ ಐಬಿಸ್ ಮಮ್ಮಿಗಳಿವೆಯೆಂದು ಅಂದಾಜು. ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದ ವಿದ್ವಾಂಸರು ಕೆಲವನ್ನು ಪ್ಯಾರಿಸ್ಸಿಗೆ ತಂದರು. ಅಲ್ಲಿ ಕ್ಯೂವಿಯೆ ಎಂಬ ದೊಡ್ಡ ಪ್ರಾಣಿಶಾಸ್ತ್ರಜ್ಞ ಅದರ ಮೂಳೆಗಳನ್ನು ಆ ಕಾಲದ ಹಕ್ಕಿಯ ಮೂಳೆಗಳ ಜೊತೆ ಹೋಲಿಸಿ, ಸಾವಿರಾರು ವರ್ಷಗಳಲ್ಲಿ ಎಳ್ಳಷ್ಟೂ ಬದಲಾಗಿಲ್ಲ, ಆದ್ದರಿಂದ ಜೀವಜಾತಿಗಳು ಬದಲಾಗುವುದಿಲ್ಲ ಎಂದು ಸಾರಿದ. ಬದಲಾಗುತ್ತವೆ ಎನ್ನುತ್ತಿದ್ದ ಲಮಾರ್ಕ್, ಈಜಿಪ್ಟಿನ ಹವೆಯೇ ಬದಲಾಗಿಲ್ಲ, ಹಕ್ಕಿ ಏಕೆ ಬದಲಾಗಬೇಕು ಎಂದ. ಡಾರ್ವಿನ್ನನ ಪುಸ್ತಕ 1859ರಲ್ಲಿ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಜೀವವಿಕಾಸದ ವಾದ ಒಂದು ಹರಕೆಯ ಹಕ್ಕಿಯ ಮೇಲೆ ನಡೆದಿತ್ತು. ಕ್ಯೂವಿಯೆಯ ಅಳತೆ ಸರಿಯಾಗಿಯೇ ಇತ್ತು, ತಪ್ಪಿದ್ದು ಗಡಿಯಾರ. ಎರಡು ಮೂರು ಸಾವಿರ ವರ್ಷ ನಮಗೆ ಬಹಳ, ಜೀವವಿಕಾಸಕ್ಕೆ ಒಂದು ಚಿಟಿಕೆ.

ಅದೇ ಹಕ್ಕಿಗಳನ್ನು ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ಸ್ಯಾಲಿ ವಾಸೆಫ್ ಮತ್ತು ಸಂಗಡಿಗರು ಬೇರೊಂದು ಪ್ರಶ್ನೆ ಕೇಳಿದರು: ನಿಮ್ಮನ್ನು ಸಾಕಿದ್ದರೇ, ಹಿಡಿದು ತಂದರೇ? ಫಾರಂ ಕೋಳಿಗಳಂತೆ ತಲೆಮಾರುಗಟ್ಟಲೆ ಒಂದೇ ಕಡೆ ಬೆಳೆಸಿದ್ದರೆ ಅವುಗಳ ಡಿ.ಎನ್.ಎ. ಒಂದನ್ನೊಂದು ಬಹಳ ಹೋಲಬೇಕು. 2019ರಲ್ಲಿ ಬಂದ ಫಲಿತಾಂಶ ಹಾಗಿರಲಿಲ್ಲ; ಕಾಡುಹಕ್ಕಿಗಳಲ್ಲಿ ಇರುವಷ್ಟೇ ವೈವಿಧ್ಯ ಮಮ್ಮಿಗಳಲ್ಲೂ ಇತ್ತು. ಜೌಗಿನಿಂದ ಹಿಡಿದು ತಂದು, ಸ್ವಲ್ಪ ಕಾಲ ಇಟ್ಟುಕೊಂಡು, ಹರಕೆಗೆ ಬಳಸಿದ್ದರೆಂದು ಕಾಣುತ್ತದೆ. ಆ ಹಕ್ಕಿ ಈಗ ಈಜಿಪ್ಟಿನಲ್ಲಿ ಇಲ್ಲ. ಹರಕೆ ನಿಂತು ನೂರಾರು ವರ್ಷಗಳ ನಂತರ, ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅದು ಅಲ್ಲಿಂದ ಮರೆಯಾಯಿತು. ಆಫ್ರಿಕದ ಬೇರೆ ಕಡೆ ಬೇಕಾದಷ್ಟಿದೆ.

ದೇವರಿಗೆ ಕೊಟ್ಟ ಬೆಕ್ಕುಗಳ ಗತಿ ಏನಾಯಿತೆಂದೂ ಹೇಳಬೇಕು. 1888ರಲ್ಲಿ ಬೆನಿ ಹಸನ್ ಎಂಬಲ್ಲಿ ರೈತನೊಬ್ಬ ನೆಲ ಅಗೆಯುವಾಗ ಬೆಕ್ಕಿನ ಮಮ್ಮಿಗಳ ರಾಶಿಯ ಮೇಲೆ ಬಿದ್ದ. ಅದನ್ನು ಹಡಗಿಗೆ ತುಂಬಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಕಳಿಸಿದರು. ಅಲ್ಲಿ 1890ರ ಫೆಬ್ರವರಿಯಲ್ಲಿ ಹರಾಜು. ಕೊಂಡದ್ದು ಗೊಬ್ಬರಕ್ಕೆ! ಎಲುಬಿನ ಪುಡಿಯ ಬೆಲೆ ತೋಟದವರಿಗೆ ಗೊತ್ತು, ರಂಜಕದ ಆಸೆ. ಹರಾಜು ಕೂಗಿದವನು ಸುತ್ತಿಗೆಯ ಬದಲು ಬೆಕ್ಕಿನ ತಲೆಯಿಂದ ಮೇಜು ಕುಟ್ಟಿದನಂತೆ. ಆಗಿನ ಪತ್ರಿಕೆಗಳ ಪ್ರಕಾರ ತೂಕ 19 ಟನ್, ಬೆಕ್ಕುಗಳು 1,80,000. ಈಗ ಭಾಗಿಸಿ. ಬೆಕ್ಕೊಂದಕ್ಕೆ ನೂರು ಗ್ರಾಂಗಿಂತ ಸ್ವಲ್ಪ ಹೆಚ್ಚು. ಬೆಳೆದ ಬೆಕ್ಕು ಮೂರು ನಾಲ್ಕು ಕಿಲೋ ತೂಗುತ್ತದೆ. ಮೈಯ ಮೂರರಲ್ಲಿ ಎರಡು ಪಾಲು ನೀರೆಂದು ತೆಗೆದರೂ ಒಂದು ಕಿಲೋ ಉಳಿಯಬೇಕು. ಹಾಗಾದರೆ ಅವು ಪುಟ್ಟ ಮರಿಗಳೇ? ಬರೀ ಚೂರುಗಳೇ? ಅಥವಾ ಎಣಿಸಿದವರು ಅಂದಾಜು ಹೊಡೆದರೇ? ಪತ್ರಿಕೆಯಲ್ಲಿ ಸಂಖ್ಯೆ ಕಂಡಾಗ ಪೆನ್ಸಿಲ್ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ, ಈ ಅಂಕಣದಲ್ಲಿ ಕಂಡರೂ ಸರಿ.

ನಮ್ಮ ಮಣ್ಣಿನ ನಾಯಿಗಳನ್ನು ಯಾರೂ ಗೊಬ್ಬರಕ್ಕೆ ಹರಾಜು ಹಾಕಿಲ್ಲ. ಆದರೆ ಅವು ಕಾಯುವ ಕಾಡನ್ನು ಅಳೆದು ನೋಡಿದವರಿದ್ದಾರೆ. ಕೊಡಗಿನಲ್ಲಿ 1,214 ದೇವರಕಾಡುಗಳಿವೆಯೆಂದು ದಾಖಲೆ. 1905ರಲ್ಲಿ ಅವುಗಳ ವಿಸ್ತೀರ್ಣ ಸುಮಾರು 15,500 ಎಕರೆ ಇತ್ತು. 1985ರ ಹೊತ್ತಿಗೆ ಸುಮಾರು 6,300 ಎಕರೆ. ಎಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಕೊಡಲಿ ಹಾಕಿದವರು ಹೊರಗಿನವರಷ್ಟೇ ಎಂದು ಹೇಳಿದರೆ ನಾಯಿಗಳೂ ನಗುತ್ತವೆ. ಬೇಲಿ ವರ್ಷಕ್ಕೆ ಒಂದು ಮಾರು ಸರಿದದ್ದು, ಮರದ ಕೆಳಗೆ ಕಾಫಿ ಗಿಡ ತಾನಾಗಿ ಹುಟ್ಟಿದಂತೆ ಹುಟ್ಟಿದ್ದು, ಇವೆಲ್ಲ ಊರಿಗೆ ಗೊತ್ತಿರುವ ಕಥೆ. ಮಕ್ಕಳಿಗೆ ನಾನು ಕೊಟ್ಟ ಕೆಲಸ ಇದು: ನಿಮ್ಮೂರಿನ ದೇವರಕಾಡಿನ ಎಲ್ಲೆ ಹಿಂದೆ ಎಲ್ಲಿತ್ತೆಂದು ಅಜ್ಜನನ್ನು ಕರೆದುಕೊಂಡು ಹೋಗಿ ಕೇಳಿ, ಹೆಜ್ಜೆ ಹಾಕಿ ಅಳೆದು ಬನ್ನಿ. ಮರಗಳ ಹೆಸರು ಬರೆದುಕೊಳ್ಳಿ. ಚಪ್ಪಲಿ ಹೊರಗೆ ಬಿಡಿ, ಮತ್ತು ನಾಯಿ ಎಷ್ಟೇ ಚೆನ್ನಾಗಿದ್ದರೂ ಮನೆಯ ಷೋಕೇಸಿಗೆಂದು ಎತ್ತಿಕೊಂಡು ಬರಬೇಡಿ.

ಮನೆಯಲ್ಲೇ ನೇಟ್ರಾನಿನ ಕೆಲಸ ನೋಡಬೇಕೆನ್ನುವವರಿಗೆ ಒಂದು ಪ್ರಯೋಗ. ಒಂದೇ ದಪ್ಪದ ಎರಡು ಸೇಬಿನ ಹೋಳು ತೆಗೆದುಕೊಂಡು ತೂಗಿ ಬರೆದಿಡಿ. ಅಡುಗೆ ಸೋಡಾ ಎರಡು ಪಾಲು, ಪುಡಿ ಉಪ್ಪು ಒಂದು ಪಾಲು ಬೆರೆಸಿ, ಒಂದು ಹೋಳನ್ನು ಅದರಲ್ಲಿ ಪೂರ್ತಿ ಮುಚ್ಚಿ. ಇನ್ನೊಂದನ್ನು ಬರೀ ಬಟ್ಟಲಲ್ಲಿ ಇಡಿ. ಒಂದು ವಾರ ಬಿಟ್ಟು ಪುಡಿ ಒರೆಸಿ ಮತ್ತೆ ತೂಗಿ. ಕಳೆದುಹೋದ ತೂಕವೆಲ್ಲ ನೀರು. ಎರಡು ಹೋಳುಗಳ ಬಣ್ಣ, ವಾಸನೆ, ಬೂಷ್ಟನ್ನೂ ಹೋಲಿಸಿ ಬರೆಯಿರಿ. ತಿನ್ನಬೇಡಿ. ಮಳೆಗಾಲದಲ್ಲಿ ಮಾಡುವವರು ಬಟ್ಟಲುಗಳನ್ನು ಒಲೆಯ ಹತ್ತಿರ ಇಡಬೇಕು, ಇಲ್ಲದಿದ್ದರೆ ಸೇಬಿನ ನೀರಿನ ಜೊತೆಗೆ ಮಡಿಕೇರಿಯ ಗಾಳಿಯ ನೀರನ್ನೂ ಪುಡಿ ಹೀರಿಕೊಂಡು ಗಟ್ಟಿಯಾಗಿಬಿಡುತ್ತದೆ.